ಸೂಜಿಮೆಣಸಿನ ವೋಡ್ಕಾ: ದಿನ ಎಣಿಸಬೇಡಿ, ಗಂಟೆ ಎಣಿಸಿ

ಪ್ರಶ್ನೆ: ಬೆಂಗಳೂರಿನಲ್ಲಿ ಗೆಳೆಯರ ಮನೆಯಲ್ಲಿ ಮೆಣಸಿನಕಾಯಿ ನೆನೆಸಿದ ವೋಡ್ಕಾ ಕುಡಿದೆ, ತುಂಬಾ ಇಷ್ಟವಾಯಿತು. ಊರಿಗೆ ಬಂದವನೇ ಹಿತ್ತಲಿನ ಸೂಜಿಮೆಣಸು ಒಂದು ಮುಷ್ಟಿ ಸೀಳಿ ಫುಲ್ ಬಾಟಲಿಗೆ ಹಾಕಿಟ್ಟೆ. ಎಂಟು ದಿನ ಬಿಟ್ಟು ನೋಡಿದರೆ ನಾಲಿಗೆಗೆ ಇಡಲು ಆಗುತ್ತಿಲ್ಲ. ಎಲ್ಲಿ ತಪ್ಪಿದೆ? ಉಳಿಸಿಕೊಳ್ಳಬಹುದಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಚೆಲ್ಲಬೇಡಿ. ಮೊದಲು ಎದ್ದು ಹೋಗಿ ಕಾಯಿ, ಬೀಜ ಎಲ್ಲ ಸೋಸಿ ತೆಗೆಯಿರಿ. ಉಳಿದದ್ದು ಆಮೇಲೆ ಓದಿ.

ಉಪ್ಪಿನಕಾಯಿ ಹಾಕಿ ಹಾಕಿ ನಮಗೆ ಒಂದು ಅಭ್ಯಾಸವಾಗಿದೆ, ಕೂತಷ್ಟೂ ರುಚಿ ಅಂತ. ಅಪ್ಪೆಮಿಡಿಗೆ ಅದು ಸರಿ. ಇಲ್ಲಿ ಸರಿಯಲ್ಲ. ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿಗೆ ಜಗ್ಗುವುದಿಲ್ಲ. ಮದ್ಯದಲ್ಲಾದರೆ ಸಲೀಸಾಗಿ ಕರಗುತ್ತದೆ. ನಮ್ಮಲ್ಲಿ ಸಿಗುವ ವೋಡ್ಕಾದಲ್ಲಿ ಸಾಮಾನ್ಯವಾಗಿ ಶೇಕಡ 42.8 ಆಲ್ಕೋಹಾಲ್ ಇರುತ್ತದೆ, ಲೇಬಲ್ ನೋಡಿ. ಅಷ್ಟು ಧಾರಾಳ ಸಾಕು. 1912ರಲ್ಲಿ ಅಮೆರಿಕದ ಸ್ಕೋವಿಲ್ ಎಂಬ ಔಷಧ ತಜ್ಞ ಖಾರ ಅಳೆಯಲು ಹೊರಟಾಗ ಮಾಡಿದ್ದೂ ಇದನ್ನೇ. ಒಣಮೆಣಸನ್ನು ಆಲ್ಕೋಹಾಲ್‌ನಲ್ಲಿ ನೆನೆಸಿ ಖಾರ ಇಳಿಸಿಕೊಂಡರು. ಅದಕ್ಕೆ ಸಕ್ಕರೆ ನೀರು ಸೇರಿಸುತ್ತಾ ಹೋಗಿ, ಎಷ್ಟು ಸೇರಿಸಿದರೆ ಖಾರ ಗೊತ್ತಾಗುವುದಿಲ್ಲ ಅಂತ ಜನರಿಗೆ ಕುಡಿಸಿ ನೋಡಿದರು. ನೀವು ಎಂಟು ದಿನ ಕೂತು ಮಾಡಿದ್ದು ಆ ಅಳತೆಯ ಮೊದಲ ಅರ್ಧ.

ನಾನೂ ಇದೇ ತಪ್ಪು ಮಾಡಿದ್ದೆ. ಸಾಗರದ ನಮ್ಮ ಮನೆಗೆ ನೆಂಟರು ಬರುವವರಿದ್ದರು. ಕಡುಬು, ಕೋಳಿಸಾರಿನ ಜೊತೆ ಇರಲಿ ಅಂತ ಮೂರು ದಿನ ಮೊದಲೇ ನೆನೆಸಿಟ್ಟೆ. ಅವತ್ತು ಯಾರೂ ಎರಡನೇ ಗುಟುಕು ಕುಡಿಯಲಿಲ್ಲ. ತುಂಬಾ ಬೇಜಾರಾಯಿತು, ಯಾಕೆಂದರೆ ಖಾರದ ಅಡಿಯಲ್ಲಿ ಪರಿಮಳ ಪೂರ್ತಿ ಮುಚ್ಚಿಹೋಗಿತ್ತು. ನಮಗೆ ಬೇಕಾದದ್ದು ಪರಿಮಳ ಅಲ್ವಾ? ಹಣ್ಣಾದ ಒಂದು ಸೂಜಿಮೆಣಸನ್ನು ಉಗುರಿನಲ್ಲಿ ಸೀಳಿ ಮೂಗಿನ ಹತ್ತಿರ ಹಿಡಿಯಿರಿ. ಹಸಿ ಎಲೆಯ ವಾಸನೆ, ಅದರ ಹಿಂದೆಯೇ ತೆಳ್ಳಗೆ ಹಣ್ಣಿನ ವಾಸನೆ. ಕ್ಯಾಪ್ಸೈಸಿನ್‌ಗೆ ಸ್ವಂತ ವಾಸನೆಯೇ ಇಲ್ಲ. ನಮ್ಮ ಕೊಟ್ಟಿಗೆಯ ಹಿಂದಿನ ಗಿಡ ನಾವು ನೆಟ್ಟದ್ದಲ್ಲ, ಪಿಕಳಾರ ಬಿತ್ತಿದ್ದು. ಹಕ್ಕಿಗಳಿಗೆ ಈ ಖಾರ ತಾಗುವುದಿಲ್ಲ, ಸುಮ್ನೆ ನುಂಗಿ ಹೋಗುತ್ತವೆ.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. 180 ಎಂ.ಎಲ್. ಕ್ವಾರ್ಟರ್‌ಗೆ ಒಂದೇ ಕಾಯಿ. ತೊಟ್ಟು ಕಿತ್ತು, ತೊಳೆದು, ಒರೆಸಿ, ಉದ್ದಕ್ಕೆ ಒಂದು ಸೀಳು. ಸೀಳದೆ ಹಾಕಿದರೆ ಸಿಪ್ಪೆಯ ಮೇಣ ಅಡ್ಡ ಬಂದು ತುಂಬಾ ನಿಧಾನ. ಒಂದು ಗಂಟೆಗೆ ಮೊದಲ ರುಚಿ. ಆಮೇಲೆ ಗಂಟೆಗೊಮ್ಮೆ. ರುಚಿ ನೋಡುವಾಗ ಒಂದು ಚಮಚಕ್ಕೆ ಮೂರು ಚಮಚ ನೀರು ಬೆರೆಸಿ, ಇಲ್ಲದಿದ್ದರೆ ಮದ್ಯದ ಉರಿ ಯಾವುದು, ಮೆಣಸಿನ ಉರಿ ಯಾವುದು ಗೊತ್ತಾಗುವುದಿಲ್ಲ. ನುಂಗಿ ಒಂದು ನಿಮಿಷ ಕಾಯಿರಿ, ಖಾರ ತಡವಾಗಿ ಏರುತ್ತದೆ. ಇನ್ನು ಸ್ವಲ್ಪ ಇರಲಿ ಅನ್ನಿಸಿದಾಗಲೇ ಕಾಯಿ ತೆಗೆದುಬಿಡಿ. ನನಗೆ ನಾಲ್ಕರಿಂದ ಎಂಟು ಗಂಟೆಯೊಳಗೆ ಮುಗಿಯುತ್ತದೆ. ಸೀಲ್ ಇರುವ ಅಂಗಡಿ ಬಾಟಲಿಯನ್ನೇ ಬಳಸಿ, ಮನೆಯಲ್ಲಿ ಕಾಯಿಸಿದ್ದು ಬೇಡವೇ ಬೇಡ. ಕೈ ಉರಿದರೆ ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಸೋಪು. ಬರೀ ನೀರಿನಿಂದ ಹೋಗುವುದಿಲ್ಲ.

ನಿಮ್ಮ ಬಾಟಲಿಗೆ ಬಂದರೆ, ಇಳಿದ ಖಾರವನ್ನು ತೆಗೆಯಲು ಆಗುವುದಿಲ್ಲ, ಹಂಚಬಹುದು. ಸೋಸಿದ್ದನ್ನು ಮೂಲ ಹೆಪ್ಪು ಅಂದುಕೊಳ್ಳಿ. ಒಂದು ಕ್ವಾರ್ಟರ್ ಸಾದಾ ವೋಡ್ಕಾಗೆ ಅರ್ಧ ಟೀ ಚಮಚದಿಂದ ಶುರು ಮಾಡಿ. ಬಾಟಲಿಯ ಮೇಲೆ ದೊಡ್ಡದಾಗಿ ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಪ್ರಶ್ನೆ: ಸೂಜಿಮೆಣಸಿನ ಬದಲು ಒಣ ಬ್ಯಾಡಗಿ ಆಗುತ್ತದಾ?
– ಓದುಗರು, ಶಿಕಾರಿಪುರ

ಉತ್ತರ: ಆಗುತ್ತದೆ, ಅದು ಬೇರೆಯೇ ಪಾನೀಯ. ಪಕ್ಕದ ಹಾವೇರಿ ಜಿಲ್ಲೆಯ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು. ಬಣ್ಣ ಜಾಸ್ತಿ, ಖಾರ ಕಮ್ಮಿ. ಎರಡು ಕಾಯಿ ಮುರಿದು ಬೀಜ ಕೊಡವಿ ಹಾಕಿ. ಎರಡು ದಿನ ಇರಬಹುದು, ಹೆದರಿಕೆ ಇಲ್ಲ. ಒಣದ್ರಾಕ್ಷಿಯಂಥ ಸಿಹಿ ವಾಸನೆ ಬರುತ್ತದೆ. ಸಾರಿನ ಒಗ್ಗರಣೆಯಷ್ಟು ಕೆಂಪು ನಿರೀಕ್ಷಿಸಬೇಡಿ, ಆ ಬಣ್ಣಕ್ಕೆ ಎಣ್ಣೆಯೇ ಇಷ್ಟ. ಇಲ್ಲಿ ಬರುವುದು ಕಿತ್ತಳೆ ಛಾಯೆ. ಮಳೆಗಾಲದಲ್ಲಿ ಕಾಯಿ ಮುರಿದು ಒಳಗೆ ಬೂಷ್ಟು ಇದೆಯಾ ನೋಡಿಯೇ ಹಾಕಿ.

ಪ್ರಶ್ನೆ: ಇದಕ್ಕೆ ಸೋಡಾ ಹಾಕಬೇಕಾ?
– ಓದುಗರು, ಹೊಸನಗರ

ಉತ್ತರ: ಹಾಕಬಹುದು. ನಾನು ಮುರುಗಲು ಹಣ್ಣಿನ ಪಾನಕ ಹಾಕುತ್ತೇನೆ, ಚಿಟಿಕೆ ಉಪ್ಪಿನ ಜೊತೆ. ಹುಳಿ ಮೊದಲು ಬರುತ್ತದೆ, ಖಾರ ಕೊನೆಗೆ ಗಂಟಲಲ್ಲಿ. ಹೊಟ್ಟೆಹುಣ್ಣು ಇದ್ದವರಿಗೆ ಪಾನಕ ಮಾತ್ರ ಕೊಡಿ.