ಟ್ಯಾಬ್ ಒತ್ತಿದರೆ ಆ ಜಾಗಕ್ಕೆ ತಕ್ಕ ಸಲಹೆಗಳಷ್ಟೇ ಬರಬೇಕಾದರೆ

ನೀವು ಬರೆದ ಕಮಾಂಡ್‌ಲೈನ್ ಪ್ರೋಗ್ರಾಮಿನಲ್ಲಿ ಟ್ಯಾಬ್ ಒತ್ತಿದರೆ ಎಲ್ಲ ಉಪಕಮಾಂಡ್‌ಗಳೂ ಕಡತಗಳೂ ಒಟ್ಟಿಗೇ ಸುರಿಯುತ್ತವೆ, ಸಂದರ್ಭಕ್ಕೆ ಹೊಂದುವುದನ್ನು ಮಾತ್ರ ತೋರಿಸುವುದು ಹೇಗೆ ಎಂದು ಕೇಳಿದ್ದೀರಿ.

ಕಮಾಂಡ್‌ಗಳನ್ನು ಓದಿ ಓಡಿಸುವ ಶೆಲ್‌ಗಳಲ್ಲಿ ಒಂದಾದ ಬ್ಯಾಷ್‌ನಲ್ಲಿ ಇದಕ್ಕೆ ಬೇಕಾದ ವ್ಯವಸ್ಥೆ 2000ರಲ್ಲಿ ಬಂದ 2.04 ಆವೃತ್ತಿಯಿಂದಲೂ ಇದೆ. ಟ್ಯಾಬ್ ಒತ್ತಿದೊಡನೆ ಅದು ನೀವು ಬರೆದುಕೊಟ್ಟ ಫಂಕ್ಷನ್ ಅನ್ನು ಕರೆದು, ಸಾಲಿನ ಪದಗಳನ್ನೂ ಕರ್ಸರ್ ಎಷ್ಟನೆಯ ಪದದಲ್ಲಿದೆ ಎಂಬುದನ್ನೂ ಒದಗಿಸುತ್ತದೆ. ಹೆಚ್ಚಿನವರು ಆ ಫಂಕ್ಷನ್ ಒಳಗೇ ಇಫ್-ಎಲ್ಸ್‌ಗಳನ್ನು ಪೇರಿಸುತ್ತಾ ಹೋಗುತ್ತಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಪ್ರೋಗ್ರಾಮಿಗೆ ಹೊಸ ಆಯ್ಕೆ (ಆಪ್ಷನ್) ಸೇರಿಸಿದ ದಿನವೇ ಸ್ಕ್ರಿಪ್ಟ್ ಹಳತಾಗಿಬಿಡುತ್ತದೆ. ಪ್ರಶ್ನೆಯನ್ನು ಪ್ರೋಗ್ರಾಮಿಗೇ ದಾಟಿಸಿ. ಗೋ ಭಾಷೆಯ ಕೋಬ್ರಾ ಲೈಬ್ರರಿಯಲ್ಲಿ ಇದಕ್ಕೆಂದೇ ಒಂದು ಗುಪ್ತ ಉಪಕಮಾಂಡ್ ಇದೆ. ಶೆಲ್ ಸ್ಕ್ರಿಪ್ಟ್ ಅದನ್ನು ಕರೆದು, ಬಂದ ಉತ್ತರವನ್ನು ತೋರಿಸುತ್ತದೆ, ಅಷ್ಟೆ. ಝೆಡ್‌ಶೆಲ್, ಫಿಶ್ ಎಂಬ ಬೇರೆ ಶೆಲ್‌ಗಳಿಗೂ ಅದೇ ಉಪಕಮಾಂಡ್ ಸಾಕು.

ನಿಜವಾದ ತಲೆನೋವು ಪಾರ್ಸರ್‌ನದು, ಅಂದರೆ ಬರೆದ ಸಾಲನ್ನು ಬಿಡಿಸಿ ಅರ್ಥಮಾಡಿಕೊಳ್ಳುವ ಭಾಗದ್ದು. ಕಮಾಂಡ್ ಓಡಿಸುವ ಪಾರ್ಸರ್‌ಗೆ ಪೂರ್ತಿ ಸಾಲು ಬೇಕು. ಟ್ಯಾಬ್ ಒತ್ತುವ ಹೊತ್ತಿಗೆ ಇರುವುದು ಅರ್ಧಂಬರ್ಧ ಸಾಲು. ಮೊದಲ ತಪ್ಪಿಗೇ ಕೈಚೆಲ್ಲುವ ಪಾರ್ಸರ್ ಇಲ್ಲಿ ಕೆಲಸಕ್ಕೆ ಬಾರದು. ಕಮಾಂಡ್‌ಗಳ ವ್ಯಾಕರಣವನ್ನು ಒಂದೇ ಕೋಷ್ಟಕದಲ್ಲಿಟ್ಟು, ಕರ್ಸರ್‌ವರೆಗೆ ಓದಿ ‘ಇಲ್ಲಿ ಮುಂದೆ ಏನೇನು ಬರಬಹುದು’ ಎಂದು ಹೇಳುವ ಇನ್ನೊಂದು ಫಂಕ್ಷನ್ ಅನ್ನು ಬರೆಯಿರಿ. ಹಿಂದಿನ ಪದ ಮೌಲ್ಯ ಬೇಡುವ ಆಯ್ಕೆಯಾಗಿದ್ದರೆ ಆ ಬಗೆಯ ಮೌಲ್ಯಗಳನ್ನಷ್ಟೇ ಕೊಡಿ. ಒಮ್ಮೆ ಮಾತ್ರ ಬರಬೇಕಾದ ಆಯ್ಕೆ ಆಗಲೇ ಬಂದಿದ್ದರೆ ಬಿಟ್ಟುಬಿಡಿ. ಬಿಡಿಯಾಗಿ ಎರಡು ಅಡ್ಡಗೆರೆ (--) ಕಂಡ ಮೇಲೆ ಆಯ್ಕೆಗಳ ಸುದ್ದಿಯೇ ಬೇಡ.

ವ್ಯಾಕರಣದಾಚೆಗೆ ಸ್ಥಿತಿಯನ್ನೂ ನೋಡಬೇಕು. ಕಡತಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ‘ಗಿಟ್ ಆ್ಯಡ್’ ಎಂದು ಬರೆದು ಟ್ಯಾಬ್ ಒತ್ತಿ ನೋಡಿ: ಬದಲಾದ ಕಡತಗಳು, ಇನ್ನೂ ಸೇರಿಸದ ಕಡತಗಳು ಮಾತ್ರ ಬರುತ್ತವೆ. ನನ್ನ ಮಟ್ಟಿಗೆ ಸಂದರ್ಭಪ್ರಜ್ಞೆ ಎಂದರೆ ಇದು.

ಟ್ಯಾಬ್‌ನಿಂದ ಏನೂ ಬದಲಾಗಬಾರದು: ಕಡತ ಬರೆಯುವುದಾಗಲಿ, ಪಾಸ್‌ವರ್ಡ್ ಕೇಳುವುದಾಗಲಿ ಕೂಡದು. ಪಟ್ಟಿ ನೆಟ್‌ವರ್ಕ್‌ನಿಂದ ಬರಬೇಕಿದ್ದರೆ ಕ್ಯಾಶ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಇಡಿ. ತಡವಾಗಿ ಬರುವ ಸಲಹೆಗಿಂತ ಸಲಹೆಯೇ ಇಲ್ಲದಿರುವುದು ಲೇಸು.

ಬ್ಯಾಷ್‌ನಲ್ಲಿ ಒಂದು ಕಿರಿಕಿರಿಗೆ ಸಿದ್ಧರಾಗಿರಿ. ಅದು ಕೋಲನ್ ಚಿಹ್ನೆಯಲ್ಲೂ ಪದವನ್ನು ಒಡೆಯುತ್ತದೆ. ‘ಸರ್ವರ್:8080’ ಎಂಬುದು ನಿಮ್ಮ ಫಂಕ್ಷನ್‌ಗೆ ಮೂರು ಪದಗಳಾಗಿ ಸಿಗುತ್ತದೆ. ಪೂರ್ತಿ ಹೆಸರನ್ನೇ ಹಿಂದಿರುಗಿಸಿದರೆ ಮುಂಭಾಗ ಎರಡೆರಡು ಬಾರಿ ಮೂಡುತ್ತದೆ. ಬ್ಯಾಷ್-ಕಂಪ್ಲೀಷನ್ ಪ್ಯಾಕೇಜಿನಲ್ಲಿ ಆ ಮುಂಭಾಗವನ್ನು ಕತ್ತರಿಸುವ ಫಂಕ್ಷನ್ ಸಿದ್ಧವಾಗಿದೆ, ಅದನ್ನೇ ಬಳಸಿಕೊಳ್ಳಿ.