ಹೊತ್ತು ಬದಲಾದರೆ ಟಿಆರ್‌ಪಿ ಯಾಕೆ ಬೀಳುತ್ತೆ?

ಧಾರಾವಾಹಿಯನ್ನು ರಾತ್ರಿ 7.30ರಿಂದ 10ಕ್ಕೆ ಹಾಕಿದ ಮೇಲೆ ಟಿಆರ್‌ಪಿ ಬಿತ್ತು, ಕಥೆ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಸುಮ್ನೆ ಕಥೆಯನ್ನು ದೂರಬೇಡಿ. ಬಸವನಗುಡಿಯ ನಮ್ಮ ಮನೆಯಲ್ಲಿ ಅಮ್ಮ 7.30ಕ್ಕೆ ಸೊಪ್ಪು ಬಿಡಿಸುತ್ತಾ ಟಿವಿ ನೋಡುತ್ತಾರೆ. 9.30ಕ್ಕೆ ಒಲೆಕಟ್ಟೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ ಮಲಗಿಬಿಡುತ್ತಾರೆ. ಧಾರಾವಾಹಿ ಮೇಲೆ ಬೇಜಾರಿಲ್ಲ, ಹೊತ್ತು ಹೊಂದಲ್ಲ ಅಷ್ಟೇ. ಇಂಥ ಮನೆಗಳು ಎಷ್ಟಿಲ್ಲ ಹೇಳಿ!

ಇನ್ನೊಂದು ಮಾತು. ಟಿವಿಯಲ್ಲಿ ಯಾವುದನ್ನು ಎಷ್ಟು ಜನ ನೋಡುತ್ತಾರೆ ಅಂತ ಅಳೆಯುವ ಸಂಸ್ಥೆ ಬಾರ್ಕ್. ಅದರ ಟಿವಿ ರೇಟಿಂಗ್, ಅಂದರೆ ಈ ಟಿಆರ್‌ಪಿ, ಬರುವುದು ಟಿವಿ ನೋಡಿದ್ದನ್ನು ದಾಖಲಿಸುವ ಮೀಟರ್ ಇಟ್ಟಿರುವ ಮನೆಗಳಿಂದ. ಮಾರನೇ ದಿನ ಮೆಟ್ರೋದಲ್ಲಿ ಫೋನ್ ಹಿಡಿದು ನೋಡಿದ್ದು ಅದಕ್ಕೆ ಸೇರಲ್ಲ.

ನಾಲ್ಕೈದು ವಾರ ಕಾದು ನೋಡಿ. 7.30ರ ಹಳೇ ಅಂಕಿಗೆ ಹೋಲಿಸಬೇಡಿ, ಅದೇ 10 ಗಂಟೆಗೆ ಮೊದಲಿದ್ದ ಧಾರಾವಾಹಿಗೆ ಹೋಲಿಸಿ. ಅದಕ್ಕಿಂತ ಜಾಸ್ತಿ ಬಂದಿದ್ದರೆ ನಿಮ್ಮ ಧಾರಾವಾಹಿ ಚೆನ್ನಾಗಿಯೇ ಓಡುತ್ತಿದೆ.