ಮೀಟರ್ ಮುಳ್ಳು ಸುಳ್ಳು ಹೇಳಿದರೆ

ಪ್ರಶ್ನೆ: ಕಾರಿನ ಮೀಟರ್‌ಗೆ ಬಿಳಿ ಡಯಲ್ ಹಾಕೋಣ ಅಂತ ನಾನೇ ಬಿಚ್ಚಿ ಮುಳ್ಳುಗಳನ್ನು ತೆಗೆದೆ. ವಾಪಸ್ ಕೂರಿಸಿದ ಮೇಲೆ ಗಾಡಿ ನಿಂತಿದ್ದರೂ ಸ್ಪೀಡೋಮೀಟರ್ 10 ತೋರಿಸುತ್ತದೆ. ಟ್ಯಾಂಕ್ ತುಂಬಿಸಿದರೂ ಪೆಟ್ರೋಲ್ ಮುಳ್ಳು ಮುಕ್ಕಾಲಿಗೇ ನಿಲ್ಲುತ್ತದೆ. ಇಡೀ ಮೀಟರ್ ಬದಲಿಸಬೇಕು ಎನ್ನುತ್ತಾರೆ ಗ್ಯಾರೇಜಿನವರು. ಬೇರೆ ದಾರಿ ಇಲ್ವಾ?
(ಓದುಗರೊಬ್ಬರು, ಶಿರಸಿ)

ಉತ್ತರ: ಇದೆ. ಹೊಸ ಮೀಟರ್‌ಗೆ ದುಡ್ಡು ಕೊಡುವ ಮೊದಲು ತಪ್ಪು ಯಾವ ಥರದ್ದು ಅಂತ ನೋಡಿ. ನಿಂತಾಗ 10, 40ರಲ್ಲಿ ಹೋಗುವಾಗ 50, 80ರಲ್ಲಿ 90, ಹೀಗೆ ಎಲ್ಲ ಕಡೆ ಒಂದೇ ಅಳತೆ ಜಾಸ್ತಿ ಇದ್ದರೆ ಮುಳ್ಳು ಕೂತ ಜಾಗ ತಪ್ಪಿದೆ, ಅಷ್ಟೇ. ನಿಂತಾಗ ಸರಿಯಾಗಿ ಸೊನ್ನೆ ತೋರಿಸಿ, ವೇಗ ಏರಿದ ಹಾಗೆ ತಪ್ಪೂ ಏರುತ್ತಾ ಹೋದರೆ ಟಯರ್ ಕಡೆ ನೋಡಬೇಕು. 165/80 ಆರ್14 ಅಳತೆಯ ಟಯರ್ ಇದ್ದ ಗಾಡಿಗೆ 175/80 ಆರ್14 ಹಾಕಿದರೆ ಚಕ್ರದ ಸುತ್ತಳತೆ ಸುಮಾರು ಶೇ. 2.5 ಹೆಚ್ಚುತ್ತದೆ, ಆಗ ಮೀಟರ್ ಕಮ್ಮಿ ತೋರಿಸುತ್ತದೆ. ನಿಮ್ಮದು ಮೊದಲನೆಯ ಥರದ್ದು.

ಈಗಿನ ಬಹಳಷ್ಟು ಕಾರುಗಳಲ್ಲಿ ಮುಳ್ಳಿನ ಹಿಂದೆ ಚಿಕ್ಕ ಸ್ಟೆಪರ್ ಮೋಟರ್, ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್ ಇರುತ್ತದೆ. ಮುಳ್ಳು ಎಲ್ಲಿದೆ ಎಂದು ಆ ಮೋಟರ್‌ಗೆ ಗೊತ್ತಿರುವುದಿಲ್ಲ. ಕೀ ತಿರುಗಿಸಿದಾಗ ಅದು ಹಿಂದಕ್ಕೆ ಹೋಗಿ ಒಳಗಿನ ತಡೆಗೆ ತಾಗುತ್ತದೆ, ಅಲ್ಲಿಂದ ಹೆಜ್ಜೆ ಎಣಿಸುತ್ತದೆ. ಮುಳ್ಳನ್ನು ಕಡ್ಡಿಯ ಮೇಲೆ ಹೇಗೆ ಸಿಕ್ಕಿಸಿದ್ದೀರೋ ಹಾಗೇ ತೋರಿಸುತ್ತದೆ. ಹಾಗಾಗಿ ಮುಳ್ಳು ತೆಗೆಯುವ ಮೊದಲು ಅದು ನಿಂತ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಗೆರೆ ಹಾಕಿಕೊಳ್ಳಬೇಕಿತ್ತು, ಜೊತೆಗೆ ಒಂದು ಫೋಟೋ. ಇರಲಿ, ಈಗಲೂ ಕಾಲ ಮಿಂಚಿಲ್ಲ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಯೇ ಮೀಟರ್ ಹೊರತೆಗೆಯಿರಿ. ಡಯಲ್ ಮೇಲೆ ಹಳೆಯ ಮದುವೆ ಕಾಗದದ ದಪ್ಪ ತುಂಡು ಇಡಿ. ಮುಳ್ಳಿನ ಬುಡಕ್ಕೆ ಎರಡೂ ಕಡೆಯಿಂದ ಎರಡು ಚಮಚದ ಅಂಚು ತೂರಿಸಿ, ಎರಡನ್ನೂ ಒಟ್ಟಿಗೆ, ನಿಧಾನ, ನೇರ ಮೇಲಕ್ಕೆ ಎತ್ತಿ. ಒಂದೇ ಕಡೆಯಿಂದ ಮೀಟಬೇಡಿ. ನಾನು ಹಿಂದೆ ಒಮ್ಮೆ ಅವಸರಕ್ಕೆ ಸ್ಕ್ರೂಡ್ರೈವರ್ ಹಾಕಿ ಎಳೆದೆ, ಮುಳ್ಳಿನ ಜೊತೆ ಮೋಟರಿನ ಕಡ್ಡಿಯೇ ಕಿತ್ತು ಬಂತು. ಆ ಮೋಟರ್ ಹೋಯಿತು. ಅವತ್ತಿನಿಂದ ಚಮಚ ಬಿಟ್ಟು ಬೇರೇನೂ ಮುಟ್ಟಿಲ್ಲ.

ಆಮೇಲೆ ಮುಂದಿನ ಗಾಜಿಲ್ಲದೆಯೇ ಮೀಟರ್ ಜೋಡಿಸಿ, ಬ್ಯಾಟರಿ ಕೊಟ್ಟು, ಕೀ ಹಾಕಿ. ಮೋಟರ್ ಸೊನ್ನೆಗೆ ಹೋಗಿ ನಿಲ್ಲಲಿ. ಸ್ಪೀಡೋಮೀಟರ್ ಮುಳ್ಳನ್ನು ಸೊನ್ನೆಯ ಗೆರೆಗೆ ಹಿಡಿದು ಹಗುರವಾಗಿ ಸಿಕ್ಕಿಸಿ. ಎರಡು ಮೂರು ಸಲ ಕೀ ಹಾಕಿ ತೆಗೆದು, ಪ್ರತಿ ಸಲ ಅದೇ ಜಾಗಕ್ಕೆ ಬರುತ್ತದಾ ನೋಡಿ, ಬಂದರೆ ಮಾತ್ರ ಸ್ವಲ್ಪ ಒತ್ತಿ. ಪೂರ್ತಿ ಒತ್ತಬೇಡಿ. ಮುಳ್ಳಿಗೂ ಡಯಲ್‌ಗೂ ನಡುವೆ ಒಂದು ಮಿಲಿಮೀಟರ್ ಆದರೂ ಸಂದಿ ಬೇಕು. ಅಂಗಡಿಯಲ್ಲಿ ಸಿಗುವ ಬಿಳಿ ಡಯಲ್ ಮೊದಲಿನದಕ್ಕಿಂತ ದಪ್ಪ ಇದ್ದರೆ, ಅಥವಾ ಬಿಸಿಲಿಗೆ ಉಬ್ಬಿದರೆ, ಮುಳ್ಳು ಅದಕ್ಕೆ ಉಜ್ಜಿ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ನಿಮ್ಮ ಪೆಟ್ರೋಲ್ ಮುಳ್ಳಿಗೂ ಹೀಗೇ ಆಗಿರಬಹುದು, ಮೊದಲು ಅದನ್ನೇ ನೋಡಿ. ಉಜ್ಜುತ್ತಿಲ್ಲ ಎಂದಾದರೆ ಟ್ಯಾಂಕ್ ತುಂಬಿಸಿ, ಕೀ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಮುಳ್ಳನ್ನು ಫುಲ್ ಗೆರೆಗೆ ಕೂರಿಸಿ. ರಿಸರ್ವ್ ದೀಪ ಹೊತ್ತುವಾಗ ಅದು ಕೆಂಪಿನ ಹತ್ತಿರ ಬರಬೇಕು. ಕೆಳಗಿನ ತುದಿಯೇ ಮುಖ್ಯ. ಕುಮಟಾಕ್ಕೆ ಇಳಿಯುವಾಗ ದೇವಿಮನೆ ಘಾಟಿಯ ನಡುವೆ ಪೆಟ್ರೋಲ್ ಮುಗಿದರೆ ಏನು ಮಾಡುತ್ತೀರಿ?

ವೇಗ ಸರಿಯಿದೆಯಾ ಎಂದು ನೋಡಲು ಘಾಟಿ ರಸ್ತೆ ಬೇಡ. ತಿರುವಿನಲ್ಲಿ, ಮರಗಳ ಕೆಳಗೆ ಫೋನಿನ ಜಿಪಿಎಸ್ ಹಿಂದೆ ಬೀಳುತ್ತದೆ. ಅಂಕೋಲಾ ಕಡೆ ಹೆದ್ದಾರಿ 66ರಲ್ಲಿ ನೇರ ಜಾಗ ನೋಡಿ, ಪಕ್ಕದಲ್ಲಿ ಕೂತವರು ಫೋನ್ ನೋಡಲಿ, ನೀವು ರಸ್ತೆ ನೋಡಿ. ಫೋನ್ ಇಲ್ಲದಿದ್ದರೂ ಕಿಲೋಮೀಟರ್ ಕಲ್ಲು ಸಾಕು: ಒಂದು ಕಲ್ಲಿನಿಂದ ಇನ್ನೊಂದಕ್ಕೆ 60 ಸೆಕೆಂಡ್ ಆದರೆ ವೇಗ 60, 45 ಸೆಕೆಂಡ್ ಆದರೆ 80.

ಹಾಗಂತ ಮುಳ್ಳನ್ನು ಜಿಪಿಎಸ್‌ಗೆ ಕರಾರುವಾಕ್ಕಾಗಿ ಹೊಂದಿಸಲು ಹೋಗಬೇಡಿ. ಕಂಪನಿಯವರು ಬೇಕಂತಲೇ ಸ್ವಲ್ಪ ಜಾಸ್ತಿ ತೋರಿಸುವ ಹಾಗೆ ಮಾಡಿರುತ್ತಾರೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸಲೇಬಾರದು, ಕಾರುಗಳಲ್ಲಿ ಜಾಸ್ತಿ ಎಂದರೆ ಶೇ. 10 ಮತ್ತು ಅದರ ಮೇಲೆ 4 ಕಿ.ಮೀ.ವರೆಗೆ ತೋರಿಸಬಹುದು. ಅಂದರೆ ನಿಜವಾಗಿ 80ರಲ್ಲಿ ಹೋಗುವಾಗ ಮೀಟರ್‌ನಲ್ಲಿ 84 ಕಂಡರೆ ಅದು ದೋಷ ಅಲ್ಲ.

ಪ್ರಶ್ನೆ: ಮುಳ್ಳು ತೆಗೆದು ಹಾಕಿದರೆ ಓಡಿದ ಕಿಲೋಮೀಟರ್ ಲೆಕ್ಕ ಬದಲಾಗುತ್ತದಾ?
(ಓದುಗರೊಬ್ಬರು, ಹೊನ್ನಾವರ)

ಉತ್ತರ: ಇಲ್ಲ. ಆ ಲೆಕ್ಕ ಮುಳ್ಳನ್ನು ನೋಡಿ ನಡೆಯುವುದಿಲ್ಲ.

ಪ್ರಶ್ನೆ: ನನ್ನದು ಅಪ್ಪ ಕೊಂಡ ಹಳೆಯ ಕಾರು, ಮೀಟರ್‌ಗೆ ಕೇಬಲ್ ಇದೆ. 40ರಲ್ಲಿ ಹೋಗುವಾಗ ಮುಳ್ಳು 30ರಿಂದ 50ರವರೆಗೆ ನಡುಗುತ್ತದೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಮುಳ್ಳು ಬದಲಿಸಲಾ?
(ಓದುಗರೊಬ್ಬರು, ಕಾರವಾರ)

ಉತ್ತರ: ಮುಳ್ಳನ್ನು ದಯವಿಟ್ಟು ಮುಟ್ಟಬೇಡಿ. ನಿಮ್ಮ ಮೀಟರ್‌ನಲ್ಲಿ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ, ಅದು ಮುಟ್ಟದೆಯೇ ಅಲ್ಯೂಮಿನಿಯಂ ಬಟ್ಟಲನ್ನು ಎಳೆಯುತ್ತದೆ, ಕೂದಲಿನಂಥ ಸ್ಪ್ರಿಂಗ್ ಅದನ್ನು ತಡೆಯುತ್ತದೆ. ಕೇಬಲ್ ಒಳಗಿನ ತಂತಿ ಒಣಗಿ ತುಕ್ಕು ಹಿಡಿದರೆ ಹಿಡಿದು ಬಿಟ್ಟು ತಿರುಗುತ್ತದೆ, ಮುಳ್ಳು ನಡುಗುತ್ತದೆ. ಕಡಲ ಗಾಳಿಗೆ ನಮ್ಮ ಊರಲ್ಲಿ ಇದು ಬೇಗ ಆಗುತ್ತದೆ. ಒಳತಂತಿ ಎಳೆದು ಸೀಮೆಎಣ್ಣೆಯಲ್ಲಿ ತೊಳೆಯಿರಿ. ಎಲ್ಲಾದರೂ ಮಡಿಚಿದ ಗುರುತಿದ್ದರೆ ಹೊಸದೇ ಬೇಕು. ಇಲ್ಲದಿದ್ದರೆ ತೆಳುವಾಗಿ ಗ್ರೀಸ್ ಸವರಿ ವಾಪಸ್ ಹಾಕಿ, ಆದರೆ ಮೀಟರ್ ಕಡೆಯ ಒಂದು ಗೇಣು ಒಣಗಿಯೇ ಇರಲಿ. ಅಲ್ಲಿ ಗ್ರೀಸ್ ಹಾಕಿದರೆ ಅದು ಸುತ್ತುತ್ತಾ ಮೇಲೇರಿ ಮೀಟರ್ ಒಳಗೆ ಸೇರಿಕೊಳ್ಳುತ್ತದೆ.